ಸೊಂಟದ ಮೇಲೆ 11 ವರ್ಷ: ಬೆಲ್ಟು, ಪೌಚು ಮತ್ತು ನಾನು

ನಾನು ಲಿಫ್ಟ್ ರಿಪೇರಿ ಮಾಡುವವನು. ಒಂದು ಕಡೆ ಕೂತು ಮಾಡುವ ಕೆಲಸ ಅಲ್ಲ ಇದು. ಬೆಳಿಗ್ಗೆ ಮೇಲಿನ ಮೋಟಾರ್ ರೂಮು, ಆಮೇಲೆ ಕ್ಯಾಬಿನ್ನಿನ ತಲೆ ಮೇಲೆ, ಮಧ್ಯಾಹ್ನ ಕೆಳಗೆ ಪಿಟ್ಟಿನೊಳಗೆ, ಅಂದರೆ ಲಿಫ್ಟ್ ಓಡುವ ಶಾಫ್ಟಿನ ತಳದ ಗುಂಡಿಯೊಳಗೆ. ಮೊದಲ ಎರಡು ವರ್ಷ ಸಾಮಾನೆಲ್ಲ ಒಂದೇ ಕೈಚೀಲದಲ್ಲಿತ್ತು. ಏಣಿ ಇಳಿದು ಪಿಟ್ಟಿಗೆ ಹೋದರೆ ಚೀಲ ಮೇಲೆ, ಚೀಲ ತರೋಕೆ ಮೇಲೆ ಬಂದರೆ ಟಾರ್ಚು ಕೆಳಗೆ. ದಿನಕ್ಕೆ ಎಷ್ಟು ಸಲ ಹತ್ತಿ ಇಳಿಯುತ್ತಿದ್ದೆನೋ ಲೆಕ್ಕ ಇಟ್ಟಿಲ್ಲ. ಸಾಕಾಗಿ ಒಂದು ಬೆಲ್ಟು, ಅದಕ್ಕೆ ಸಿಕ್ಕಿಸುವ ಗಟ್ಟಿ ಬಟ್ಟೆಯ ಸಣ್ಣ ಚೀಲಗಳು, ಅಂದರೆ ಟ್ಯಾಕ್ಟಿಕಲ್ ಪೌಚು, ಆರು ತಂದೆ. ಸೈನಿಕರಿಗೆ ಅಂತ ಹುಟ್ಟಿದ ಸಾಮಾನು ಅದು, ನನಗೂ ಸೈನ್ಯಕ್ಕೂ ಎಂಥ ಸಂಬಂಧವೂ ಇಲ್ಲ. ಮೊದಲ ದಿನ ಕಟ್ಟಿಕೊಂಡು ಹೋದಾಗ ನಮ್ಮ ಹಿರಿಯ ಮೇಸ್ತ್ರಿ ಮೇಲಿಂದ ಕೆಳಗೆ ನೋಡಿ, "ಏನಪ್ಪಾ, ಯುದ್ಧಕ್ಕೆ ಹೊರಟ್ಯಾ?" ಅಂದರು.

ಅದಾಗಿ 11 ವರ್ಷ ಆಯಿತು. ಅವತ್ತಿನ ಆರು ಪೌಚಿನಲ್ಲಿ ಈಗ ಸೊಂಟದ ಮೇಲೆ ಉಳಿದಿರುವುದು ಒಂದು.

ಮೊದಲ ತಪ್ಪು ಬೆಲ್ಟಿನದ್ದು. ದುಡ್ಡೆಲ್ಲ ಪೌಚಿಗೆ ಸುರಿದು, ಬೆಲ್ಟು ಯಾವುದಾದರೇನು ಅಂತ ಸಿಕ್ಕಿದ್ದನ್ನು ಕೊಂಡಿದ್ದೆ. ಮೆತ್ತಗಿನ ಪಟ್ಟಿ. ಕರೆಂಟು ಅಳೆಯುವ ಮಲ್ಟಿಮೀಟರ್ ಹಾಕಿದ ಕೂಡಲೇ ಆ ಜಾಗದಲ್ಲಿ ಪಟ್ಟಿ ಮಡಚಿಕೊಂಡು, ಪೌಚಿನ ಬಾಯಿ ಹೊರಗೆ ವಾಲುತ್ತಿತ್ತು. ಬಗ್ಗಿದರೆ ತೊಡೆಗೆ ಬಡಿಯೋದು, ನಿಂತರೆ ಪ್ಯಾಂಟು ಕೆಳಗೆ ಎಳೆಯೋದು. ಏಣಿ ಮೇಲೆ ಒಂದು ಕೈ ಏಣಿಗೆ, ಇನ್ನೊಂದು ಕೈ ಪ್ಯಾಂಟಿಗೆ. ಕೆಲಸಕ್ಕೆ ಯಾವ ಕೈ?

ಆಮೇಲೆ ಎರಡು ಪದರದ ಗಟ್ಟಿ ಬೆಲ್ಟಿಗೆ ಬಂದೆ. ಒಳಗಿನ ತೆಳು ಬೆಲ್ಟು ಪ್ಯಾಂಟಿನ ಲೂಪಿನೊಳಗೆ ಹೋಗುತ್ತದೆ, ಅದರ ಹೊರಮೈಗೆ ವೆಲ್ಕ್ರೋದ ಮೆತ್ತನೆ ಭಾಗ. ಪೌಚುಗಳಿರುವ ಹೊರಗಿನ ಬೆಲ್ಟಿನ ಒಳಮೈಗೆ ಮುಳ್ಳಿನ ಭಾಗ. ಒತ್ತಿದರೆ ಎರಡೂ ಕಚ್ಚಿಕೊಳ್ಳುತ್ತವೆ, ಪೌಚು ಅಲ್ಲಾಡುವುದಿಲ್ಲ. ಊಟಕ್ಕೆ ಕೂರುವಾಗ ಹೊರಗಿನದನ್ನು ಪರ್‍ರ್ ಅಂತ ಕಿತ್ತು ಪಕ್ಕಕ್ಕಿಟ್ಟರೆ ಆಯಿತು. ಈಗ ಯಾರಾದರೂ ಕೇಳಿದರೆ ನಾನು ಹೇಳುವುದು ಇಷ್ಟೇ, ಮೊದಲು ಬೆಲ್ಟಿಗೆ ದುಡ್ಡು ಹಾಕಿ. ಬೆಲ್ಟು ಮೆತ್ತಗಿದ್ದರೆ ಎಂಥಾ ಪೌಚೂ ಜೋತು ಬೀಳುತ್ತದೆ.

ಪೌಚು ಸಿಕ್ಕಿಸುವುದರಲ್ಲೂ ನಾಲ್ಕು ತಿಂಗಳು ತಪ್ಪು ಮಾಡಿದೆ. ಅಮೆರಿಕದ ಸೈನ್ಯ 1997ರಲ್ಲಿ ತಂದ ಮೊಲ್ಲೆ ಅನ್ನುವ ಪದ್ಧತಿ ಇದೆ. ಬೆಲ್ಟಿನ ಮೇಲೂ ಪೌಚಿನ ಬೆನ್ನಿಗೂ ಸಾಲಾಗಿ ಹೊಲಿದ ಒಂದು ಇಂಚು ಅಗಲದ ಪಟ್ಟಿಗಳು, ಪ್ರತಿ ಒಂದೂವರೆ ಇಂಚಿಗೆ ಒಂದು ಹೊಲಿಗೆ. ಯಾರು ಮಾಡಿದ ಪೌಚಾದರೂ ಕೂರಲಿ ಅಂತ ಈ ಅಳತೆ. ಪೌಚಿನ ಹಿಂದೆ ಇಳಿಬಿದ್ದಿರುವ ಉದ್ದ ಪಟ್ಟಿಯನ್ನು ಬೆಲ್ಟಿನ ಪಟ್ಟಿಯೊಳಗೆ ಒಮ್ಮೆ, ಪೌಚಿನ ಪಟ್ಟಿಯೊಳಗೆ ಒಮ್ಮೆ ಹೀಗೆ ಚಾಪೆ ಹೆಣೆದ ಹಾಗೆ ದಾಟಿಸಬೇಕು. ನಾನು ಸೀದಾ ಬೆಲ್ಟಿನೊಳಗೆ ಮಾತ್ರ ಇಳಿಸಿ ಬಟನ್ ಹಾಕುತ್ತಿದ್ದೆ. ನೋಡೋಕೆ ಸರಿಯಾಗೇ ಇತ್ತು, ನಡೆದರೆ ಗಂಟೆ ಹಾಗೆ ತೂಗಾಡುತ್ತಿತ್ತು. ಹೆಣೆಯೋಕೆ ಬೆರಳು ನೋಯುತ್ತದೆ ನಿಜ. ಒಮ್ಮೆ ಹೆಣೆದರೆ ವರ್ಷಗಟ್ಟಲೆ ಆ ಕಡೆ ನೋಡಬೇಕಾಗಿಲ್ಲ.

ಇನ್ನು ಜಾಗ. ಬೆಲ್ಟನ್ನು ಗಡಿಯಾರ ಅಂದುಕೊಳ್ಳಿ, ಬಕಲ್ ಇರುವುದು 12 ಗಂಟೆ. ಬೆನ್ನಿನ ಕಡೆ, 6ರ ಜಾಗದಲ್ಲಿ ನಾನು ಮೊದಲು ಇಟ್ಟಿದ್ದು ಸ್ಪ್ಯಾನರ್ ಸೆಟ್ಟು. ಒಂದು ದಿನ ಗ್ರೀಸ್ ಮೇಲೆ ಕಾಲಿಟ್ಟು ಅಂಗಾತ ಬಿದ್ದೆ. ಬಿದ್ದ ನೋವಿಗಿಂತ ಬೆನ್ನುಮೂಳೆಗೆ ಸ್ಪ್ಯಾನರ್ ಒತ್ತಿದ ನೋವು ಜಾಸ್ತಿ ಇತ್ತು. ಅವತ್ತಿನಿಂದ ಬೆನ್ನಿನ ಮಧ್ಯಕ್ಕೆ ಗಟ್ಟಿ ಸಾಮಾನು ಇಡುವುದಿಲ್ಲ. 1 ಗಂಟೆ, 11 ಗಂಟೆ ಜಾಗಗಳು ಕೈಗೆ ಹತ್ತಿರ, ಆದರೆ ಕುಕ್ಕರಗಾಲಿನಲ್ಲಿ ಕೂತರೆ ಪೌಚಿನ ಅಂಚು ತೊಡೆಸಂದಿಗೆ ಒತ್ತುತ್ತದೆ. ಅಲ್ಲಿ ತೆಳ್ಳಗಿನದು ಮಾತ್ರ. ಭಾರ ಇರಬೇಕಾದ್ದು ಪಕ್ಕದಿಂದ ಸ್ವಲ್ಪ ಹಿಂದೆ, 4 ಮತ್ತು 8ರಲ್ಲಿ, ಎರಡೂ ಕಡೆ ಹೆಚ್ಚುಕಮ್ಮಿ ಸಮ.

ಭಾರ ಜಾಸ್ತಿಯಾಗಿ ಬೆಲ್ಟು ಬಿಗಿದರೆ ಏನಾಗುತ್ತದೆ ಅಂತ ಮೈಗೆ ತಾಗಿಯೇ ಕಲಿತೆ. ಮೂರನೇ ವರ್ಷ ಬಲತೊಡೆಯ ಹೊರಭಾಗಕ್ಕೆ ಜೋಮು ಹಿಡಿಯೋಕೆ ಶುರುವಾಯಿತು. ಒಂದು ಅಂಗೈ ಅಗಲದ ಜಾಗ, ಮುಟ್ಟಿದರೆ ಬೇರೆ ಯಾರದ್ದೋ ಚರ್ಮ ಮುಟ್ಟಿದ ಹಾಗೆ, ಕೆಲವೊಮ್ಮೆ ಉರಿ. ನಾನು ಸೊಂಟದ ಡಿಸ್ಕು ಹೋಯಿತು ಅಂತ ಹೆದರಿ ಡಾಕ್ಟರ ಹತ್ತಿರ ಹೋದೆ. ಅವರು ಪ್ಯಾಂಟಿನ ಮೇಲೆ ಬೆಲ್ಟು ಬಿದ್ದ ಗುರುತು ನೋಡಿ, ದಿನಕ್ಕೆ ಎಷ್ಟು ಹೊತ್ತು ಕಟ್ಟುತ್ತೀರಿ ಅಂತ ಕೇಳಿದರು. ಸೊಂಟದ ಮೂಳೆಯ ಮುಂಭಾಗದಲ್ಲಿ ತೊಡೆಯ ಚರ್ಮಕ್ಕೆ ಹೋಗುವ ಒಂದು ನರ ಹಾಯುತ್ತದೆ, ಬಿಗಿ ಬೆಲ್ಟು ಅದನ್ನು ಒತ್ತಿದರೆ ಹೀಗಾಗುತ್ತದೆ ಅಂದರು. ಮೆರಾಲ್ಜಿಯಾ ಪ್ಯಾರೆಸ್ಥೆಟಿಕಾ ಅಂತ ಹೆಸರಂತೆ. ಇದು ಪೊಲೀಸರಿಗೂ ಬರುತ್ತದಂತೆ, ಅವರ ಬೆಲ್ಟಿನ ಭಾರಕ್ಕೆ. ಬೆಲ್ಟು ಒಂದು ತೂತು ಸಡಿಲ ಮಾಡಿ, ಭಾರ ಇಳಿಸಿದ ಮೇಲೆ ಸುಮಾರು ಎರಡು ತಿಂಗಳಲ್ಲಿ ಹೋಯಿತು.

ಭಾರ ಇಳಿಸಿದ್ದು ಹೇಗೆ ಅಂತ ಹೇಳುತ್ತೇನೆ. ಮನೆಯಲ್ಲಿ ಬೆಲ್ಟನ್ನು ತಕ್ಕಡಿಗೆ ಹಾಕಿದರೆ 4.3 ಕೆಜಿ. ಯಾವುದನ್ನು ತೆಗೆಯಲಿ ಅಂತ ನೋಡಿದರೆ ಎಲ್ಲವೂ ಬೇಕು ಅನ್ನಿಸುತ್ತದೆ, ಅಲ್ವಾ? ಅದಕ್ಕೆ 23 ಸಾಮಾನಿಗೂ ಒಂದೊಂದು ತುಂಡು ಇನ್ಸುಲೇಷನ್ ಟೇಪು ಅಂಟಿಸಿದೆ. ಬಳಸಿದಾಗ ಟೇಪು ಕೀಳುವುದು, ಅಷ್ಟೇ ನಿಯಮ. ತಿಂಗಳ ಕೊನೆಗೆ 9 ಸಾಮಾನಿನ ಮೇಲೆ ಟೇಪು ಹಾಗೇ ಇತ್ತು. ಅದರಲ್ಲಿ ನಾನು ತುಂಬಾ ಹೆಮ್ಮೆಯಿಂದ ಕೊಂಡಿದ್ದ ದೊಡ್ಡ ಮಲ್ಟಿ ಟೂಲೂ ಒಂದು. ಬೇಜಾರಾಯಿತು. ಎಲ್ಲಾ ಕೆಲಸವನ್ನೂ ಅರ್ಧಂಬರ್ಧ ಮಾಡುವ ಸಾಮಾನು ಅದು, ಪಕ್ಕದಲ್ಲೇ ಒಳ್ಳೇ ಇಕ್ಕಳ ಇರುವಾಗ ಕೈ ಅದರ ಕಡೆ ಹೋಗುವುದೇ ಇಲ್ಲ. ಈಗ ಬೆಲ್ಟು, ಪೌಚು, ಸಾಮಾನು ಎಲ್ಲ ಸೇರಿ ಎರಡು ಕೆಜಿ ದಾಟುವುದಿಲ್ಲ.

ಬಾಳಿಕೆಯ ವಿಷಯಕ್ಕೆ ಬರೋಣ. ಕೊಳ್ಳುವಾಗ ಎಲ್ಲರೂ ಕೇಳುವುದು ಬಟ್ಟೆಯ ಡೀನಿಯರ್ ಎಷ್ಟು ಅಂತ. 9000 ಮೀಟರ್ ನೂಲು ಎಷ್ಟು ಗ್ರಾಂ ತೂಗುತ್ತದೋ ಅದೇ ಡೀನಿಯರ್, ಅಂದರೆ 1000 ಡೀನಿಯರ್ ನೂಲು 9000 ಮೀಟರಿಗೆ ಒಂದು ಕೆಜಿ. ನಾನೂ 1000ದ್ದೇ ಬೇಕು ಅಂತ ಹಟ ಹಿಡಿದಿದ್ದೆ. 11 ವರ್ಷದಲ್ಲಿ ನನ್ನ ಒಂದು ಪೌಚೂ ಬಟ್ಟೆ ಹರಿದು ಹೋಗಿಲ್ಲ, 500ರದ್ದೂ ಹೋಗಿಲ್ಲ. ಹೋಗಿದ್ದೆಲ್ಲ ಬೇರೆ. ಮೊದಲು ಇಲಾಸ್ಟಿಕ್. ಟಾರ್ಚು ಹಿಡಿಯುವ ಇಲಾಸ್ಟಿಕ್ ಲೂಪು ಎರಡನೇ ವರ್ಷಕ್ಕೇ ಹಳೇ ಚಡ್ಡಿಯ ಲಾಡಿ ಹಾಗಾಯಿತು. ಆಮೇಲೆ ವೆಲ್ಕ್ರೋ, ಅದರ ಹಿಂದೆ ಜಿಪ್ಪು.

ಒಂದು ಪೌಚಿನ ಒಳಗಿನ ಲೇಪ ಹೋಗಿದ್ದು ಮಾತ್ರ ಪೂರ್ತಿ ನನ್ನ ತಪ್ಪು. ನೀರು ಬರದಿರಲಿ ಅಂತ ಒಳಮೈಗೆ ಪಾಲಿಯುರೆಥೇನ್ ಲೇಪ ಇರುತ್ತದೆ. ಒದ್ದೆ ಪೌಚನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಚ್ಚಿಟ್ಟು ತಿಂಗಳುಗಟ್ಟಲೆ ಮರೆತಿದ್ದೆ. ತೆರೆದರೆ ಕೆಟ್ಟ ವಾಸನೆ, ಒಳಗೆಲ್ಲ ಹಲಸಿನ ಮೇಣದ ಹಾಗೆ ಅಂಟು, ಕೈ ಹಾಕಿದರೆ ಲೇಪ ಹೊಪ್ಪಳೆಯಾಗಿ ಬಂತು. ತೇವ ಆ ಲೇಪವನ್ನು ನಿಧಾನಕ್ಕೆ ಒಡೆಯುತ್ತದೆ. ಒಡೆದ ಮೇಲೆ ಮತ್ತೆ ಸರಿ ಮಾಡೋಕೆ ಆಗಲ್ಲ. ಈಗ ನೆನೆದರೆ ಜಿಪ್ಪೆಲ್ಲ ತೆರೆದು ನೆರಳಲ್ಲಿ ನೇತುಹಾಕುತ್ತೇನೆ. ಬಿಸಿಲಲ್ಲಿ ಬೇಡ, ಬಿಸಿಲು ತಿಂದಷ್ಟೂ ನೈಲಾನು ಬಣ್ಣ ಬಿಟ್ಟು ಬಲ ಕಳೆದುಕೊಳ್ಳುತ್ತದೆ.

ಜಿಪ್ಪು ಹಲ್ಲು ಕಚ್ಚದೆ ಹಿಂದಿನಿಂದ ಬಾಯಿ ಬಿಡುತ್ತಿದ್ದರೆ ಎಸೆಯಬೇಡಿ. ಬಹಳ ಸಲ ಹಲ್ಲು ಚೆನ್ನಾಗಿರುತ್ತದೆ, ರನ್ನರ್ ಸವೆದು ಅಗಲ ಆಗಿರುತ್ತದೆ. ಇಕ್ಕಳದಿಂದ ರನ್ನರಿನ ಹಿಂದಿನ ತುದಿಯ ಎರಡೂ ಪಕ್ಕವನ್ನು ಒಂಚೂರು, ಒಂದೇ ಒಂಚೂರು ಒತ್ತಿ, ಎಳೆದು ನೋಡಿ, ಮತ್ತೆ ಒತ್ತಿ. ಜೋರಾಗಿ ಒತ್ತಿದರೆ ಮುರಿಯುತ್ತದೆ. ನಾನು ಎರಡು ಮುರಿದಿದ್ದೇನೆ.

ವೆಲ್ಕ್ರೋ ಬಗ್ಗೆ ನನಗೆ ಸ್ವಲ್ಪ ಸಿಟ್ಟಿದೆ. ಸ್ವಿಟ್ಜರ್ಲೆಂಡಿನ ಜಾರ್ಜ್ ದ ಮೆಸ್ಟ್ರಲ್ ತನ್ನ ನಾಯಿಯ ಮೈಗೆ ಅಂಟಿದ ಮುಳ್ಳುಕಾಯಿ ನೋಡಿ ಇದನ್ನು ಕಂಡುಹಿಡಿದರು. ನಮ್ಮ ಬಟ್ಟೆಗೆ ಉತ್ತರಾಣಿ ಅಂಟುತ್ತದಲ್ಲ, ಅದೇ ತರ. ಐಡಿಯಾ ಏನೋ ಚೆನ್ನಾಗಿದೆ. ಆದರೆ ಲಿಫ್ಟ್ ಶಾಫ್ಟಿನ ಧೂಳು ಮತ್ತು ಗ್ರೀಸು ಸೇರಿದರೆ ಮುಳ್ಳಿನ ಭಾಗ ಆರು ತಿಂಗಳಲ್ಲಿ ಕಂಬಳಿ ಆಗುತ್ತದೆ. ಸೂಜಿ ಹಿಡಿದು ಕೂತು ಕೂದಲು, ನೂಲು ಎಲ್ಲ ತೆಗೆದರೆ ಅರ್ಧ ಬಲ ವಾಪಸ್ ಬರುತ್ತದೆ, ಆ ತಾಳ್ಮೆ ನನಗೆ ವರ್ಷಕ್ಕೆ ಎರಡು ಸಲ ಇರುತ್ತದೆ.

ಹಾಗೆ ವೆಲ್ಕ್ರೋ ಸೋತಿದ್ದ ಒಂದು ಮುಚ್ಚಳದಿಂದಲೇ ಒಮ್ಮೆ ಒಂದು ಸ್ಪ್ಯಾನರ್ ಬಿದ್ದಿತ್ತು. ಆರನೇ ಮಹಡಿ, ನಾನು ಕ್ಯಾಬಿನ್ ಮೇಲೆ ಬಗ್ಗಿದ್ದೆ. ಮುಚ್ಚಳ ತೆರೆದಿದ್ದೇ ಗೊತ್ತಾಗಲಿಲ್ಲ. 10ರ ಸ್ಪ್ಯಾನರ್ ಜಾರಿ ಕ್ಯಾಬಿನ್ನಿಗೂ ಗೋಡೆಗೂ ನಡುವಿನ ಸಂದಿಯಲ್ಲಿ ಇಳಿಯಿತು. ಟಣ್ ಅಂತ ಒಂದು ಸದ್ದು, ಎಲ್ಲೋ ಕೆಳಗೆ ಇನ್ನೊಂದು, ಆಮೇಲೆ ಏನೂ ಇಲ್ಲ, ಆಮೇಲೆ ಪಿಟ್ಟಿನಿಂದ ಒಂದು ಢಬ್. ನಮ್ಮ ಹುಡುಗ ಐದು ನಿಮಿಷದ ಹಿಂದೆ ಅದೇ ಪಿಟ್ಟಿನಲ್ಲಿ ಕ್ಯಾಬಿನ್ನಿನ ಹೊಡೆತ ತಡೆಯುವ ಬಫರ್ ಒರೆಸುತ್ತಿದ್ದ. ನಾನು "ಏಯ್!" ಅಂತ ಕೂಗಿದೆ, ಅವನು ಹೊರಗಿನಿಂದ "ಏನಣ್ಣಾ?" ಅಂದ. ಕೈಕಾಲು ನಡುಗುತ್ತಿತ್ತು, ಹಾಗೇ ಕೂತುಬಿಟ್ಟೆ.

ಆಮೇಲೆ ಎತ್ತರದಲ್ಲಿ ಬಳಸುವ ಪೌಚಿಗೆಲ್ಲ ಬಕಲ್ ಮುಚ್ಚಳ, ಒಳಗಿನ ಪ್ರತಿ ಸಾಮಾನಿಗೂ ಒಂದು ದಾರ. ಆದರೆ ಮೋಟಾರ್ ರೂಮಿನಲ್ಲಿ ಇದೇ ದಾರ ಅಪಾಯ. ತಿರುಗುವ ಪುಲ್ಲಿ ಹತ್ತಿರ ಜೋತಾಡುವ ಒಂದು ಲೂಪು ಸಿಕ್ಕಿಕೊಂಡರೆ ಅದರ ಜೊತೆ ನಾವೂ ಹೋಗುತ್ತೇವೆ. ಅಲ್ಲಿಗೆ ಹೋಗುವ ಮುಂಚೆ ಹೊರಗಿನ ಬೆಲ್ಟು ಪೂರ್ತಿ ಬಿಚ್ಚಿ ಬಾಗಿಲ ಹತ್ತಿರ ಇಡುತ್ತೇನೆ. ಬೇಕಾದ ಒಂದು ಸಾಮಾನು ಕೈಯಲ್ಲಿ, ಅಷ್ಟೇ.

ಹೊಲಿಗೆ ನೋಡುವುದನ್ನು ರೂಢಿ ಮಾಡಿಕೊಳ್ಳಿ. ಪಟ್ಟಿಯ ತುದಿಗಳಲ್ಲಿ ಒತ್ತೊತ್ತಾಗಿ ಅಡ್ಡಾದಿಡ್ಡಿ ಹೊಲಿದ ಗಟ್ಟಿ ಗೆರೆ ಇರಬೇಕು, ಬಾರ್‌ಟ್ಯಾಕ್ ಅನ್ನುತ್ತಾರೆ. ಅದಿಲ್ಲದೆ ಒಂದೇ ಸಾಲು ಹೊಲಿಗೆ ಇದ್ದರೆ ಆ ಪಟ್ಟಿ ಬಿಟ್ಟುಕೊಳ್ಳುತ್ತದೆ. ನನ್ನದು ಬಿಟ್ಟಾಗ ದಬ್ಬಣ ಮತ್ತು ದಪ್ಪ ನೈಲಾನ್ ದಾರದಲ್ಲಿ ನಾನೇ ಹೊಲಿದೆ. ನೋಡೋಕೆ ಗೋಣಿಚೀಲದ ಬಾಯಿ ಹೊಲಿದ ಹಾಗಿದೆ, ಐದು ವರ್ಷದಿಂದ ಹಿಡಿದಿದೆ. ತುದಿಯನ್ನು ಲೈಟರಿನಲ್ಲಿ ಸುಡುವಾಗ ಹುಷಾರು. ಕರಗಿದ ನೈಲಾನು ಬೆರಳಿಗೆ ಬಿದ್ದರೆ ಉದುರಲ್ಲ, ಅಂಟಿಕೊಂಡೇ ಸುಡುತ್ತದೆ.

ಗಾಯದ ಪೌಚು ಎಲ್ಲಿರಬೇಕು ಅನ್ನುವುದನ್ನೂ ರಕ್ತ ಸುರಿಸಿಯೇ ಕಲಿತದ್ದು. ಬ್ಯಾಂಡೇಜು, ಹತ್ತಿ ಎಲ್ಲ ಬಲಗಡೆ ಹಿಂದೆ ಇತ್ತು. ಬಾಗಿಲಿನ ತಗಡು ತಾಗಿ ಕೊಯ್ದುಕೊಂಡಿದ್ದು ಬಲಗೈ. ಎಡಗೈಯನ್ನು ಮುಂದಿನಿಂದ ತಂದರೂ ಮುಟ್ಟಲ್ಲ, ಹಿಂದಿನಿಂದ ತಂದರೂ ಜಿಪ್ಪು ಸಿಗಲ್ಲ. ಸುಮ್ನೆ ನಾಯಿ ಬಾಲ ಹಿಡಿಯೋಕೆ ಸುತ್ತಿದ ಹಾಗೆ ಸುತ್ತಿದೆ. ಈಗ ಅದು ಬಕಲ್ ಪಕ್ಕದಲ್ಲಿ, ತೆಳ್ಳಗೆ, ಎರಡು ಕೈಯಲ್ಲಿ ಯಾವುದರಿಂದಲಾದರೂ ತೆಗೆಯುವ ಹಾಗೆ ಇದೆ. ನಿಮ್ಮದನ್ನೂ ಒಮ್ಮೆ ಒಂದೇ ಕೈಯಲ್ಲಿ ತೆಗೆದು ನೋಡಿ, ಆಮೇಲೆ ಇನ್ನೊಂದು ಕೈಯಲ್ಲಿ.

ಇನ್ನೊಂದು ಸಣ್ಣ ವಿಷಯ. ಕಪ್ಪು ಪೌಚು ಗ್ರೀಸ್ ಕಲೆ ಮುಚ್ಚುತ್ತದೆ, ಆದರೆ ಒಳಗೆ ಬಿದ್ದ ಸ್ಕ್ರೂ ಕತ್ತಲಲ್ಲಿ ಕಾಣುವುದೇ ಇಲ್ಲ. ತಳಕ್ಕೆ ಕಿತ್ತಳೆ ಬಣ್ಣದ ಬಟ್ಟೆ ತುಂಡು ಹೊಲಿದ ಮೇಲೆ ಬೆರಳಾಡಿಸಿ ಹುಡುಕುವ ಕೆಲಸ ತಪ್ಪಿತು.

ಫೋನಿಗೆ ಮಾತ್ರ ಇನ್ನೂ ಜಾಗ ಸಿಕ್ಕಿಲ್ಲ. ಮುಂದಿದ್ದರೆ ಬಗ್ಗಿದಾಗ ಒತ್ತುತ್ತದೆ, ಪಕ್ಕದಲ್ಲಿದ್ದರೆ ಗೋಡೆಗೆ ಉಜ್ಜುತ್ತದೆ, ಹಿಂದಿದ್ದರೆ ರಿಂಗ್ ಆಗಿ ಆಗಿ ನಿಂತ ಮೇಲೇ ಕೈಗೆ ಬರುತ್ತದೆ. ಮೂರು ಪೌಚು ಬದಲಾಯಿಸಿದೆ. ನಾಲ್ಕನೆಯದು ಹೋದ ವಾರ ಬಂದಿದೆ, ಎದೆ ಹತ್ತಿರದ ಪಟ್ಟಿಗೆ ಹಾಕುವಂಥದ್ದು. ಅದಕ್ಕೂ ಒಂದು ತುಂಡು ಟೇಪು ಅಂಟಿಸಿದ್ದೇನೆ.