ಎರಿ ಮಣ್ಣಿನ ಮೇಲಿನ ಮನೆ: ನೆಲದ ಸಂದಿಯ ಗಾಳಿ ನಿಲ್ಲಿಸಿದ್ದು ಹೀಗೆ

ಕಲಬುರಗಿಯಲ್ಲಿ ಎರಿ ಮಣ್ಣಿನ (ಕಪ್ಪು ಮಣ್ಣು) ಮೇಲೆ ಮನೆ ಕಟ್ಟಿದವರಿಗೆ ಇದು ಗೊತ್ತಿರುವುದೇ. ಬೇಸಿಗೆ ಬಂತೆಂದರೆ ನೆಲ ಮತ್ತು ಗೋಡೆ ಸೇರುವಲ್ಲಿ ಸಂದಿ ಬಿಡುತ್ತದೆ. ಅಲ್ಲಿಂದ ಇರುವೆ ಮಾತ್ರ ಅಲ್ಲ, ಗಾಳಿಯೂ ಬರುತ್ತದೆ. ಕಿಟಕಿ ಬಾಗಿಲು ಮುಚ್ಚಿ, ಎಕ್ಸಾಸ್ಟ್ ಫ್ಯಾನ್ ಹಚ್ಚಿ, ಸ್ಕರ್ಟಿಂಗ್ (ಗೋಡೆ ಬುಡದ ಪಟ್ಟಿ) ಉದ್ದಕ್ಕೂ ಊದಿನಕಡ್ಡಿ ಹಿಡಿದು ನೋಡಿ. ನಮ್ಮ ಮನೆಯಲ್ಲಿ ಹೊಗೆ ನೆಟ್ಟಗೆ ಏಳುತ್ತಲೇ ಇರಲಿಲ್ಲ, ಕೋಣೆಯೊಳಗೆ ಅಡ್ಡ ಬೀಳುತ್ತಿತ್ತು. ಅದನ್ನು ತೋರಿಸಿದರೂ ಗೌಂಡಿ ನಂಬಲಿಲ್ಲ. "ನೆಲದಾಗಿಂದ ಎಲ್ಲಿ ಗಾಳಿ ಬರ್ತದ್ರೀ?" ಅಂದರು.

ಮೊದಲು ಸಿಮೆಂಟ್ ತುಂಬಿಸಿದೆವು. ಒಂದೇ ಬೇಸಿಗೆಗೆ ಬಿಟ್ಟಿತು. ವೈಟ್ ಸಿಮೆಂಟೂ ಅಷ್ಟೇ. ಎಪಾಕ್ಸಿಗೆ (ಕಲ್ಲಿನಂತೆ ಗಟ್ಟಿಯಾಗುವ ಅಂಟು) ಸುರಿದ ದುಡ್ಡು ನೆನೆದರೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ. ಎಪಾಕ್ಸಿ ಗಟ್ಟಿಯಾಗೇ ಉಳಿಯಿತು, ಪಕ್ಕದ ಶಹಾಬಾದ್ ಫರ್ಶಿಯ (ನೆಲಕ್ಕೆ ಹಾಸಿದ ಕಲ್ಲು) ಅಂಚೇ ಪದರಪದರವಾಗಿ ಎದ್ದುಬಂತು. ಎಲ್ಲ ಸೇರಿ ಆರೇಳು ಸಾವಿರ ಹೋಯಿತು.

ಗೋಡೆ ನಿಂತಿರುವುದು ಬುನಾದಿ ಮೇಲೆ, ನೆಲ ಕೂತಿರುವುದು ಮಣ್ಣಿನ ಮೇಲೆ. ಮಣ್ಣು ಮಳೆಗೆ ಉಬ್ಬಿ ಬಿಸಿಲಿಗೆ ಕುಗ್ಗಿದರೆ ಎರಡೂ ಒಟ್ಟಿಗೆ ಅಲುಗಾಡುವುದಿಲ್ಲ. ಅಂದಮೇಲೆ ಸಂದಿಯನ್ನು ಸಂದಿಯಾಗೇ ಬಿಟ್ಟು, ಹಿಗ್ಗಿ ಕುಗ್ಗುವ ವಸ್ತು ತುಂಬಬೇಕು, ಅಲ್ವಾ? ಪಾಲಿಯುರೆಥೇನ್ ಸೀಲಂಟ್ ತಂದೆ. ಸಾಮಾನ್ಯವಾಗಿ ಸಿಗುವುದು ತನ್ನ ಅಗಲದ ಕಾಲುಭಾಗದಷ್ಟು ಹಿಗ್ಗುತ್ತದೆ. ನಮ್ಮ ಸಂದಿ ವರ್ಷದಲ್ಲಿ ಎರಡು ಮೂರು ಮಿ.ಮೀ. ಆಡುತ್ತದೆ. ಅದಕ್ಕೆ ಗ್ರೈಂಡರ್‌ನಿಂದ 12 ಮಿ.ಮೀ. ಅಗಲ ಮಾಡಿಕೊಂಡೆ. ಕೂದಲೆಳೆ ಸಂದಿಗೆ ಸುಮ್ನೆ ಮೇಲೆ ಬಳಿದರೆ ಸೀಳಿಹೋಗುವುದು ಖಚಿತ.

ಬ್ಲೋವರ್ ಹಿಡಿದು ಧೂಳು ಪೂರ್ತಿ ತೆಗೆದೆ. ಕೆಳಗೆ ಫೋಮ್ ರಾಡ್ (ಸ್ಪಂಜಿನಂಥ ಉದ್ದ ಕಡ್ಡಿ) ಒತ್ತಿದೆ. ಸೀಲಂಟ್ ಎರಡು ಬದಿಗೆ ಮಾತ್ರ ಹಿಡಿಯಬೇಕು, ತಳಕ್ಕೆ ಅಂಟಿದರೆ ಹಿಗ್ಗಲಾರದು. ಆಳ ಆರು ಮಿ.ಮೀ. ಸಾಕು. ಕೆಲಸ ಮಾಡಿದ್ದು ಎಳ್ಳಮಾವಾಸ್ಯೆ (ಡಿಸೆಂಬರ್-ಜನವರಿ) ಸುಮಾರಿಗೆ. ಮಳೆಗಾಲದ ಕೊನೆಗೆ ಸಂದಿ ಪೂರ್ತಿ ಮುಚ್ಚಿರುತ್ತದೆ, ಮೇ ತಿಂಗಳಲ್ಲಿ ಪೂರ್ತಿ ತೆರೆದಿರುತ್ತದೆ. ನಡುವೆ ತುಂಬಿದರೆ ಎರಡೂ ಕಡೆಗೆ ಜಾಗ ಉಳಿಯುತ್ತದೆ. ಫರ್ಶಿಯ ಬಣ್ಣ ಬರಲು ಹಸಿ ಸೀಲಂಟ್ ಮೇಲೆ ಏನು ಉದುರಿಸುತ್ತೇನೆ ಅನ್ನುವುದು ಮಾತ್ರ ನನ್ನ ಹತ್ತಿರವೇ ಇರಲಿ.

600 ಮಿ.ಲೀ. ಪ್ಯಾಕೆಟ್ ನಾನ್ನೂರೈವತ್ತರ ಆಸುಪಾಸು ಬಿತ್ತು. ಒಂದಕ್ಕೆ ಎಂಟು ಮೀಟರ್ ಬರುತ್ತದೆ. ಮೂರು ಕೋಣೆಗೆ ಬ್ಲೇಡು, ರಾಡು ಸೇರಿ ನಾಲ್ಕು ಸಾವಿರದೊಳಗೆ ಮುಗಿಯಿತು.

ಆದರೂ ಒಂದು ಕೋಣೆಯಲ್ಲಿ ಹೊಗೆ ಅಲುಗುತ್ತಲೇ ಇತ್ತು. ಹುಡುಕಿದರೆ, ಬಳಸದ ಬಚ್ಚಲಿನ ನಹಾನಿ ಟ್ರ್ಯಾಪ್ (ನೀರು ನಿಂತು ಪೈಪಿನ ಗಾಳಿ ತಡೆಯುವ ಬಟ್ಟಲು) ಒಣಗಿತ್ತು! ಒಂದು ಚೊಂಬು ನೀರು ಸುರಿದು ಮೇಲೆ ಎರಡು ಚಮಚ ಎಣ್ಣೆ ಬಿಟ್ಟೆ. ಎಣ್ಣೆ ತೇಲುವುದರಿಂದ ನೀರು ಬೇಗ ಆರುವುದಿಲ್ಲ. ಸಿಂಕ್ ಪೈಪಿನ ತೂತಿಗೆ ಸ್ಪ್ರೇ ಫೋಮ್ ಹಾಕಿದ್ದನ್ನು ಇಲಿ ಕಡಿಯಿತು. ಈಗ ಒಳಗೆ ಸ್ಟೀಲ್ ಜಾಳಿಗೆ ತುರುಕಿದ್ದೇನೆ.

ಎರಡು ಬೇಸಿಗೆ ಕಳೆದಿವೆ, ಎಲ್ಲೂ ಹರಿದಿಲ್ಲ. ಅದೇ ಗೌಂಡಿ ಈಗ ಫೋನ್ ಮಾಡಿ ಅಳತೆ ಕೇಳುತ್ತಾರೆ. ಹೊಸ ಮನೆಯಾದರೆ ನೆಲಕ್ಕೆ ಕಾಂಕ್ರೀಟ್ ಹಾಕುವ ಮೊದಲೇ, ಮಣ್ಣಿನ ಗಾಳಿ ತಡೆಯಲು 800 ಗೇಜ್ (ಸುಮಾರು 0.2 ಮಿ.ಮೀ. ದಪ್ಪ) ಪ್ಲಾಸ್ಟಿಕ್ ಹಾಳೆ ಹಾಸಿ, ಜೋಡಣೆಗೆ ಟೇಪ್ ಅಂಟಿಸಿ ಅಂತ ಅವರಿಗೆ ಹೇಳಿದ್ದೇನೆ. ಅಲ್ಲೂ ಗೋಡೆಯ ಅಂಚಿಗೆ ಸೀಲಂಟ್ ಬೇಕೇ ಬೇಕು.