ಹಣದ ಮಾತು ಆಪರೇಷನ್‌ಗೆ ಮೊದಲೇ

ವಿಜಯಪುರದ ಬಿಸಿಲಿಗೆ ಮೂತ್ರಪಿಂಡದ ಕಲ್ಲಿನ ರೋಗಿಗಳಿಗೆ ಕೊರತೆಯಿಲ್ಲ. ಇಂಡಿ, ಸಿಂದಗಿ, ಮುದ್ದೇಬಿಹಾಳದಿಂದ ನೋವು ತಾಳಲಾರದೆ ಬರುತ್ತಾರೆ. ಕಲ್ಲು ತೆಗೆಯುವುದನ್ನು ನನಗೆ ವೈದ್ಯಕೀಯ ಕಾಲೇಜಿನಲ್ಲಿ ಕಲಿಸಿದರು. ವಿಮೆಯ ಹಣ ತರಿಸುವುದನ್ನು ಯಾರೂ ಕಲಿಸಲಿಲ್ಲ.

ಆಪರೇಷನ್ ಬೇಕೆಂದು ಹೇಳಿದ ಕೂಡಲೇ ನಾನು ಪಾಲಿಸಿ ಕೇಳುತ್ತೇನೆ. ಕಾರ್ಡ್ ಸಾಲದು, ಷರತ್ತುಗಳಿರುವ ಪೂರ್ತಿ ಪ್ರತಿ ಬೇಕು. ಮೊದಲು ನೋಡುವುದು ಪಾಲಿಸಿ ಶುರುವಾದ ದಿನ. ಕಲ್ಲು, ಪ್ರಾಸ್ಟೇಟ್, ಹರ್ನಿಯಾಗಳಿಗೆ ಸ್ವಂತವಾಗಿ ಮಾಡಿಸಿದ ಬಹುತೇಕ ಪಾಲಿಸಿಗಳಲ್ಲಿ ಎರಡು ವರ್ಷ ಕಾಯಬೇಕು. ನಂತರ ಕೊಠಡಿ ಬಾಡಿಗೆಯ ಮಿತಿ. ದಿನಕ್ಕೆ 3,000 ರೂಪಾಯಿ ಮಿತಿ ಇದ್ದವರು 6,000ದ ಕೊಠಡಿ ಹಿಡಿದರೆ ಬಾಡಿಗೆಗಷ್ಟೇ ಅಲ್ಲ, ಶಸ್ತ್ರವೈದ್ಯರ ಶುಲ್ಕ, ಥಿಯೇಟರ್ ಶುಲ್ಕಗಳಿಗೂ ವಿಮೆ ಕೊಡುವ ಹಣ ಅರ್ಧಕ್ಕೆ ಇಳಿಯಬಹುದು. ಡಿಸ್ಚಾರ್ಜ್ ದಿನದ ಜಗಳಗಳಲ್ಲಿ ಹೆಚ್ಚಿನವು ಇಲ್ಲಿಂದಲೇ ಹುಟ್ಟುತ್ತವೆ.

ಕೇಸ್ ಶೀಟ್‌ನಲ್ಲಿ ರೋಗದ ಇತಿಹಾಸವನ್ನು ನಾನೇ ಬರೆಯುತ್ತೇನೆ. ‘ಬಹಳ ದಿನಗಳಿಂದ ನೋವು’ ಎಂಬ ಒಂದು ಸಾಲು ಸಾಕು, ವಿಮಾ ಕಂಪನಿಯ ಪರವಾಗಿ ಕ್ಲೇಮ್ ಪರಿಶೀಲಿಸುವ ಟಿಪಿಎಯಿಂದ, ರೋಗ ಪಾಲಿಸಿಗೆ ಮೊದಲೇ ಇತ್ತೇ ಎಂಬ ಪ್ರಶ್ನೆಗಳ ಸರಮಾಲೆ ಬರುತ್ತದೆ. ಎಡವೋ ಬಲವೋ, ಎಷ್ಟು ಮಿಲಿಮೀಟರ್, ನೋವು ಯಾವಾಗಿನಿಂದ, ಹಿಂದೆ ಬಿದ್ದುಹೋದ ಕಲ್ಲು ಯಾವ ಬದಿಯದು, ಎಲ್ಲವೂ ಮೊದಲ ದಿನವೇ ದಾಖಲಾಗಬೇಕು. ‘ಸಾಹೇಬರೇ, ಮೂರು ವರ್ಷವನ್ನು ಮೂರು ತಿಂಗಳು ಎಂದು ಬರೆದುಬಿಡಿ’ ಎನ್ನುವವರು ಇದ್ದೇ ಇದ್ದಾರೆ. ಬರೆಯುವುದಿಲ್ಲ. ಹಳೆಯ ಸ್ಕ್ಯಾನಿಂಗ್ ವರದಿ ಒಂದು ಸಿಕ್ಕರೆ ಕ್ಲೇಮ್ ಜೊತೆಗೆ ಪಾಲಿಸಿಯೂ ಹೋದೀತು, ನನ್ನ ಸಹಿಯ ಬೆಲೆಯೂ ಹೋದೀತು.

ಕಲ್ಲು ತೆಗೆದ ಮೇಲೆ ಮೂತ್ರನಾಳದಲ್ಲಿ ತಾತ್ಕಾಲಿಕವಾಗಿ ಇಡುವ ಕೊಳವೆ, ಅಂದರೆ ಸ್ಟೆಂಟ್, ಅದರ ವಿಷಯ ಬೇರೆ. ಕೆಲವು ವಾರಗಳ ನಂತರ ಅದನ್ನು ತೆಗೆಯುವಾಗ ‘24 ಗಂಟೆ ದಾಖಲಾಗಿಲ್ಲ’ ಎಂಬ ಆಕ್ಷೇಪ ಬರುತ್ತದೆ. ಆದ್ದರಿಂದ ಮೊದಲ ಪೂರ್ವಾನುಮತಿ ಪತ್ರದಲ್ಲಿಯೇ ಎರಡನೆಯ ಹಂತವನ್ನು ಡೇ ಕೇರ್ ಚಿಕಿತ್ಸೆ, ಅಂದರೆ 24 ಗಂಟೆ ದಾಖಲಾತಿ ಬೇಡದ ಚಿಕಿತ್ಸೆ, ಎಂದು ನಮೂದಿಸುತ್ತೇನೆ.

ವಿಮಾ ನಿಯಂತ್ರಣ ಪ್ರಾಧಿಕಾರದ 2024ರ ಸುತ್ತೋಲೆಯಂತೆ ಕ್ಯಾಶ್‌ಲೆಸ್ (ಆಸ್ಪತ್ರೆಗೆ ವಿಮಾ ಕಂಪನಿಯೇ ನೇರವಾಗಿ ಹಣ ಕೊಡುವ) ಕೋರಿಕೆಗೆ ಒಂದು ಗಂಟೆಯಲ್ಲಿ, ಡಿಸ್ಚಾರ್ಜ್‌ನ ಅಂತಿಮ ಒಪ್ಪಿಗೆಗೆ ಮೂರು ಗಂಟೆಯಲ್ಲಿ ಉತ್ತರ ಬರಬೇಕು. ಅದರ ಪ್ರತಿ ನಮ್ಮ ಕೌಂಟರ್‌ನಲ್ಲಿದೆ. ಫೋನಿನಲ್ಲಿ ಅದನ್ನು ನೆನಪಿಸಿದರೆ ಆ ಕಡೆಯ ದನಿ ಸ್ವಲ್ಪ ಮೆತ್ತಗಾಗುತ್ತದೆ.

ಬಿಪಿಎಲ್ ಕಾರ್ಡಿನವರಿಂದ ಮುಂಗಡ ಪಡೆಯುವ ಮೊದಲೇ, ತುರ್ತಿಲ್ಲದಿದ್ದರೆ, ಜಿಲ್ಲಾ ಆಸ್ಪತ್ರೆಗೆ ಹೋಗಲು ಹೇಳುತ್ತೇನೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಸೌಲಭ್ಯವಿದೆ. ನನಗೊಂದು ಕೇಸ್ ತಪ್ಪುತ್ತದೆ, ಅವರಿಗೊಂದು ಸಾಲ ತಪ್ಪುತ್ತದೆ.

ಕ್ಲೇಮ್ ತಿರಸ್ಕಾರವಾದರೆ ಬಾಯಿಮಾತು ಬೇಡ. ಯಾವ ಷರತ್ತಿನಡಿ ಎಂದು ಲಿಖಿತವಾಗಿ ಕೇಳಿಸುತ್ತೇನೆ. ಕಂಪನಿಯ ದೂರು ವಿಭಾಗ 30 ದಿನಗಳಲ್ಲಿ ಸರಿಪಡಿಸದಿದ್ದರೆ ವಿಮೆಯ ದೂರುಗಳನ್ನು ತೀರ್ಮಾನಿಸುವ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್ ಇದ್ದಾರೆ. ಶುಲ್ಕವಿಲ್ಲ, ವಕೀಲರು ಬೇಕಿಲ್ಲ. ದೂರು ಕೊಡಬೇಕಾದವರು ಪಾಲಿಸಿದಾರರೇ. ಚಿಕಿತ್ಸೆ ಏಕೆ ಬೇಕಾಯಿತೆಂಬ ಒಂದು ಪುಟದ ಪತ್ರವನ್ನು ನಾನು ಬರೆದುಕೊಡುತ್ತೇನೆ, ಅದಕ್ಕೆ ಹಣ ಪಡೆಯುವುದಿಲ್ಲ.