ಕೋಲಾರದಿಂದ ಕೊಚ್ಚಿಯ ಯೆಹೂದಿ ಬೀದಿಗೆ: ಎರಡು ದಿನ ನೋಡುವ ಕ್ರಮ

ನಮ್ಮ ಕೋಲಾರದ ಕಡೆಯಿಂದ ಕೊಚ್ಚಿಗೆ ಹೋದವರಲ್ಲಿ ಹೆಚ್ಚಿನವರು ಮಟ್ಟಾಂಚೇರಿಯ ಯೆಹೂದಿ ಬೀದಿಯಲ್ಲಿ ಅರ್ಧ ಗಂಟೆ ಸುತ್ತಾಡಿ, ಏಲಕ್ಕಿ ಕೊಂಡು ಮರಳುತ್ತಾರೆ. ಅಲ್ಲಿ ಶತಮಾನಗಳ ಕಾಲ ಬಾಳಿದ ಸಮುದಾಯವೊಂದನ್ನು ಅರಿಯಲು ಎರಡು ದಿನಗಳಾದರೂ ಬೇಕು, ಮತ್ತು ಮೊದಲ ದಿನವನ್ನು ಮಟ್ಟಾಂಚೇರಿಗೆ ಕೊಡಬಾರದು ಎಂಬುದು ನನ್ನ ಖಚಿತವಾದ ಅಭಿಪ್ರಾಯ.

ಶುಕ್ರವಾರ ರಾತ್ರಿ ಬಂಗಾರಪೇಟೆ ಮಾರ್ಗವಾಗಿ ಹೋಗುವ ಕನ್ಯಾಕುಮಾರಿ ರೈಲಿನಲ್ಲಿ ಹೊರಟರೆ ಬೆಳಿಗ್ಗೆ ಎರ್ನಾಕುಲಂ ತಲುಪಬಹುದು. ಶನಿವಾರ ಯೆಹೂದಿಗಳ ವಿಶ್ರಾಂತಿಯ ದಿನವಾದ್ದರಿಂದ ಮಟ್ಟಾಂಚೇರಿಯ ಪರದೇಶಿ ಸಿನಗಾಗ್ (ಯೆಹೂದಿ ಪ್ರಾರ್ಥನಾ ಮಂದಿರ) ಮುಚ್ಚಿರುತ್ತದೆ. ಅಂದು ಪರವೂರು ಮತ್ತು ಚೇಂದಮಂಗಲಕ್ಕೆ ಹೋಗಿ. 1948ರಲ್ಲಿ ಇಸ್ರೇಲ್ ಸ್ಥಾಪನೆಯಾದ ಮೇಲೆ, 1950ರ ದಶಕದಲ್ಲಿ ಇಲ್ಲಿನ ಬಹುತೇಕ ಯೆಹೂದಿ ಕುಟುಂಬಗಳು ಅಲ್ಲಿಗೆ ವಲಸೆ ಹೋದವು, ಪ್ರಾರ್ಥನಾ ಮಂದಿರಗಳು ಬರಿದಾದವು. ಕೇರಳ ಸರ್ಕಾರ ಇವೆರಡನ್ನೂ ದುರಸ್ತಿ ಮಾಡಿಸಿ ವಸ್ತುಸಂಗ್ರಹಾಲಯಗಳನ್ನಾಗಿಸಿದೆ. ಚೇಂದಮಂಗಲದ ಮಂದಿರದ ಮುಂದೆ 1269ನೇ ಇಸವಿಯ ಹೀಬ್ರೂ ಸಮಾಧಿಕಲ್ಲೊಂದಿದೆ, ಸಾರಾ ಎಂಬ ಹೆಣ್ಣುಮಗಳದು. ಒಳಗೆ ಹೋಗುವ ಮೊದಲು ಅದರ ಮುಂದೆ ಸ್ವಲ್ಪ ಹೊತ್ತು ನಿಲ್ಲಿ. ಕೊಚ್ಚಿ ಯೆಹೂದಿ ಮಂದಿರಗಳ ವೈಶಿಷ್ಟ್ಯವಾದ, ಧರ್ಮಗ್ರಂಥ ಓದುವ ಎರಡನೆಯ ಪಠಣಪೀಠವನ್ನು ಮಹಡಿಯ ಮೇಲೆ, ಹೆಂಗಸರು ಕೂರುತ್ತಿದ್ದ ಭಾಗದ ಮುಂದೆ, ನೋಡಲು ಮರೆಯಬೇಡಿ.

ಭಾನುವಾರ ಬೆಳಿಗ್ಗೆ ಮಟ್ಟಾಂಚೇರಿ. ಪರದೇಶಿ ಸಿನಗಾಗ್ 1568ರಲ್ಲಿ ಕಟ್ಟಿದ್ದು. ಪೋರ್ಚುಗೀಸರಿಂದ ಹಾನಿಗೊಳಗಾಗಿ, ಡಚ್ಚರ ಕಾಲದಲ್ಲಿ ಮತ್ತೆ ಎದ್ದು ನಿಂತಿತು. ಚಪ್ಪಲಿ ಬಿಟ್ಟು ಒಳಗೆ ಹೋದವರು ಮೊದಲು ತೂಗುದೀಪಗಳತ್ತ ತಲೆಯೆತ್ತುತ್ತಾರೆ. ನೀವು ನೆಲ ನೋಡಿ. ಚೀನಾದಿಂದ ಹಡಗಿನಲ್ಲಿ ಬಂದ ಬಿಳಿ–ನೀಲಿ ಬಿಲ್ಲೆಗಳ ಮೇಲಿನ ಚಿತ್ರಗಳನ್ನು ಕೈಯಿಂದಲೇ ಬರೆಯಲಾಗಿದ್ದು, ಒಂದರಂತೆ ಇನ್ನೊಂದಿಲ್ಲ. ನಮ್ಮ ಸೋಮೇಶ್ವರ ದೇವಾಲಯದ ಕಲ್ಯಾಣಮಂಟಪದಲ್ಲಿ ಕಂಬದಿಂದ ಕಂಬಕ್ಕೆ ನಡೆಯುವಂತೆ ಇಲ್ಲಿ ಬಿಲ್ಲೆಯಿಂದ ಬಿಲ್ಲೆಗೆ ಕಣ್ಣು ಹಾಯಿಸಬೇಕು. ಹೊರಗಿನ ಗಡಿಯಾರದ ಗೋಪುರ 1760ರದು.

ಅದೇ ಬಡಾವಣೆಯ ಕಡವುಂಭಾಗಂ ಸಿನಗಾಗಿನ ಮುಂಭಾಗ 2019ರಲ್ಲಿ ಕುಸಿದುಬಿತ್ತು. ಅದರ ಕೆತ್ತನೆಯ ಮರದ ಚಾವಣಿ ಎಂದೋ ಜೆರುಸಲೇಮಿನ ವಸ್ತುಸಂಗ್ರಹಾಲಯ ಸೇರಿದೆ. ಈ ಕುಸಿತವೂ ಪರಂಪರೆಯ ಪಾಲೇ ಆದ್ದರಿಂದ ಆ ಕಟ್ಟಡವನ್ನು ಕಾಣದೆ ಹೊರಡಬೇಡಿ.

ರೈಲಿಗೆ ಮುನ್ನ ಎರ್ನಾಕುಲಂ ಮಾರುಕಟ್ಟೆಗೆ ಹೋಗಿ, ಅಲ್ಲಿನ ಇನ್ನೊಂದು ಕಡವುಂಭಾಗಂ ಸಿನಗಾಗನ್ನು ಕೇಳಿಕೊಂಡು ಹುಡುಕಿ. ಅದರ ಮುಂಭಾಗದಲ್ಲಿ ಬಹುಕಾಲ ಗಿಡಗಳ ಮತ್ತು ಬಣ್ಣದ ಮೀನುಗಳ ಅಂಗಡಿಯಿತ್ತು, ಆ ಅಂಗಡಿಯವರೇ ಕಟ್ಟಡವನ್ನು ಕಾಪಾಡಿಕೊಂಡು ಬಂದರು. ದುರಸ್ತಿಯಾದ ಆ ಮಂದಿರಕ್ಕೆ 2018ರಲ್ಲಿ ಯೆಹೂದಿ ಧರ್ಮಗ್ರಂಥವಾದ ತೋರಾದ ಹೊಸ ಸುರುಳಿ ಬಂತು.